ಹೊಲಕ್ಕೆ ಪಹಣಿ ಬಂತು, ಮನೆಗೆ ಯಾಕೆ ಬರಲಿಲ್ಲ?

ಹಳ್ಳಿಯಲ್ಲಿ ಮನೆ ಕಟ್ಟಲು ಪರವಾನಗಿ ಬೇಕು ಅಂತ ಪಂಚಾಯಿತಿಗೆ ಹೋದವರಿಗೆ ಪಿಡಿಒ ಕೇಳುವ ಮೊದಲ ಪ್ರಶ್ನೆ ಒಂದೇ: "ಜಾಗದ ಕಾಗದ ಇದೆಯಾ?" ಮನೆ ಎಷ್ಟು ಚದರ, ಎಷ್ಟು ಅಂತಸ್ತು ಅನ್ನುವುದೆಲ್ಲ ಆಮೇಲಿನ ಮಾತು. ನಮ್ಮಲ್ಲಿ ಬಹಳಷ್ಟು ಅರ್ಜಿಗಳು ನಿಲ್ಲುವುದೂ ಈ ಮೊದಲ ಪ್ರಶ್ನೆಯಲ್ಲೇ. ಮುತ್ತಜ್ಜನ ಕಾಲದಿಂದ ಅದೇ ಮನೆಯಲ್ಲಿ ಇದ್ದೇವೆ, ಕಂದಾಯ ಕಟ್ಟಿದ್ದೇವೆ, ಕರೆಂಟ್ ಬಿಲ್ ನಮ್ಮ ಹೆಸರಿಗೇ ಬರುತ್ತದೆ. ಆದರೂ ಕಾಗದ ಇಲ್ಲ. ಅದೇ ಮನೆಯವರ ಎರಡು ಎಕರೆ ಹೊಲದ ಪಹಣಿ ಮಾತ್ರ ಮೊಬೈಲ್‌ನಲ್ಲೇ ಸಿಗುತ್ತದೆ!

ಯಾಕೆ ಹೀಗೆ? ಇದಕ್ಕೆ ಉತ್ತರ ಬೇಕಾದರೆ ನೂರೈವತ್ತು ವರ್ಷಕ್ಕಿಂತ ಹಿಂದೆ ಹೋಗಬೇಕು.

ಸರಪಳಿ ಹಿಡಿದು ಬಂದವರು

ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಉತ್ತರದ ಜಿಲ್ಲೆಗಳಲ್ಲಿ ಬ್ರಿಟಿಷರ ಕಂದಾಯ ಸರ್ವೆ ಮೊದಲು ನಡೆಯಿತು. ಆ ಸರ್ವೆಯ ಪದ್ಧತಿ 1830ರ ದಶಕದಲ್ಲಿ ಪುಣೆ ಕಡೆ ರೂಪುಗೊಂಡು ಇತ್ತ ಹರಡಿತು. ಮೈಸೂರು ಸೀಮೆಯಲ್ಲಿ ಸರ್ವೆ ಶುರುವಾದದ್ದು 1863ರಲ್ಲಿ, ಚಿತ್ರದುರ್ಗದ ಕಡೆಯಿಂದ. ಆಗ ಮೈಸೂರು ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು.

ಅಳೆಯಲು ಅವರು ಬಳಸಿದ್ದು 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ. ನಾವು ಇವತ್ತಿಗೂ ಸೈಟಿನ ಮಾತು ಬಂದಾಗ "ಎರಡು ಗುಂಟೆ ಇದೆ" ಅನ್ನುವುದು ಆ ಸರಪಳಿಯ ಲೆಕ್ಕದಲ್ಲೇ.

ಸರ್ವೆಯ ಉದ್ದೇಶ ಭೂಕಂದಾಯ. ಯಾವ ಹೊಲ ಎಷ್ಟು, ಮಣ್ಣು ಎಂಥದ್ದು, ಖುಷ್ಕಿಯೋ ತರಿಯೋ ಬಾಗಾಯ್ತೋ, ಎಷ್ಟು ಕಂದಾಯ ಹಾಕಬಹುದು ಅಂತ ನೋಡಿ ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರ್ ಕೊಟ್ಟರು. ಮೂಲೆಗೆ ಗಡಿಕಲ್ಲು ನೆಟ್ಟರು.

ಮನೆಗಳಿರುವ ಜಾಗದಲ್ಲಿ ಬೆಳೆ ಇಲ್ಲ, ಬೆಳೆ ಇಲ್ಲದ ಕಡೆ ಭೂಕಂದಾಯವೂ ಇಲ್ಲ. ಹಾಗಾಗಿ ಊರಿನ ಸುತ್ತ ಒಂದು ಗೆರೆ ಎಳೆದು "ಗ್ರಾಮಠಾಣ" ಅಂತ ಬರೆದು ಮುಂದೆ ಹೋದರು. ಗೆರೆಯ ಒಳಗೆ ಯಾರ ಮನೆ ಎಲ್ಲಿದೆ, ಗೋಡೆ ಎಲ್ಲಿ ಮುಗಿಯುತ್ತದೆ, ಹಿತ್ತಲು ಯಾರದ್ದು ಅನ್ನುವುದನ್ನು ಆ ನಕ್ಷೆ ಹೇಳುವುದಿಲ್ಲ. ನಿಮ್ಮೂರಿನ ಗ್ರಾಮನಕ್ಷೆ ತೆಗೆದು ನೋಡಿ. ಹೊಲಗಳ ಜಾಗದಲ್ಲಿ ನಂಬರುಗಳು ತುಂಬಿರುತ್ತವೆ, ಊರಿನ ಜಾಗದಲ್ಲಿ ಮನೆಗಳ ಗುರುತೇ ಇರುವುದಿಲ್ಲ.

ಕರಾವಳಿಯ ಕಥೆ ಸ್ವಲ್ಪ ಬೇರೆ. ಅಲ್ಲಿ ಮನೆಗಳು ಒಂದೇ ಕಡೆ ಗುಂಪಾಗಿರದೆ ಅವರವರ ತೋಟ, ಗದ್ದೆಯ ಪಕ್ಕದಲ್ಲೇ ಇರುತ್ತವೆ. ಲೆಕ್ಕವೂ ಸೆಂಟ್ಸ್‌ನಲ್ಲಿ. ಅಲ್ಲಿನವರಿಗೆ ಗ್ರಾಮಠಾಣಕ್ಕಿಂತ ಭೂಪರಿವರ್ತನೆಯ ತಲೆನೋವೇ ಹೆಚ್ಚು.

ಮನೆ ಎಣಿಸಿದರು, ಅಳೆಯಲಿಲ್ಲ

ಹಾಗಂತ ಮನೆಗಳ ಲೆಕ್ಕವೇ ಇರಲಿಲ್ಲ ಅಂತಲ್ಲ. ಹಳೇ ಮೈಸೂರು ಭಾಗದ ಹಳೆಯ ಕ್ರಯಪತ್ರಗಳಲ್ಲಿ "ಖಾನೇಷುಮಾರಿ ನಂಬರ್" ಅಂತ ಇರುವುದನ್ನು ನೀವು ನೋಡಿರಬಹುದು. ಖಾನೆ ಅಂದರೆ ಮನೆ, ಷುಮಾರಿ ಅಂದರೆ ಎಣಿಕೆ, ಎರಡೂ ಪಾರಸಿ ಮಾತು. ಮನೆಗೆ ಸಿಕ್ಕಿದ್ದು ಎಣಿಕೆಯ ನಂಬರ್, ಹೊಲಕ್ಕೆ ಸಿಕ್ಕಿದ್ದು ಅಳತೆಯ ನಂಬರ್. ಇಂದಿನ ಜಗಳಗಳೆಲ್ಲ ಈ ವ್ಯತ್ಯಾಸದಲ್ಲಿವೆ.

ಆಗ ಗೋಡೆ ಎಬ್ಬಿಸಲು ಪಟೇಲರ ಮಾತು, ಅಕ್ಕಪಕ್ಕದವರ ಒಪ್ಪಿಗೆ ಸಾಕಾಗುತ್ತಿತ್ತು. ಯಾರ ಹಿತ್ತಲು ಎಲ್ಲಿಯವರೆಗೆ ಅನ್ನುವುದು ಊರ ಹಿರಿಯರ ನೆನಪಿನಲ್ಲಿತ್ತು. ಗ್ರಾಮಾಧಿಕಾರ ರದ್ದತಿ ಕಾಯ್ದೆ ಬಂದು 1963ರಲ್ಲಿ ವಂಶಪಾರಂಪರ್ಯದ ಪಟೇಲ, ಶಾನುಭೋಗ ಹುದ್ದೆಗಳು ಹೋದವು. ಗ್ರಾಮಲೆಕ್ಕಿಗರು ಬಂದರು. ಪಹಣಿ ಅವರ ಕೈಗೆ ಹೋಯಿತು. ಮನೆಗಳ ವಿಷಯ ಪಂಚಾಯಿತಿಯ ಕಂದಾಯದ ರಿಜಿಸ್ಟರಿಗೆ ಉಳಿಯಿತು. ಆ ರಿಜಿಸ್ಟರ್ ತೆರಿಗೆ ವಸೂಲಿಗೆ ಇದ್ದದ್ದು. ಮನೆ ಕಂದಾಯದ ರಸೀದಿ ನೂರು ಇದ್ದರೂ ಅದು ಒಡೆತನದ ಪತ್ರ ಆಗುವುದಿಲ್ಲ.

ಮನೆಯ ಸರದಿ ಯಾವಾಗಲೂ ಕೊನೆಗೆ

ಮುಂದಿನ ಐವತ್ತು ವರ್ಷದಲ್ಲೂ ಹೊಲ ಮುಂದೆ, ಮನೆ ಹಿಂದೆ. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. "ಉಳುವವನೇ ಹೊಲದೊಡೆಯ" ಅನ್ನುವ ಮಾತು ಮನೆಮಾತಾಯಿತು. "ವಾಸಿಸುವವನೇ ಮನೆಯೊಡೆಯ" ಅನ್ನುವ ಕಾನೂನು ಬಂದದ್ದು 2017ರಲ್ಲಿ. ನಡುವೆ 43 ವರ್ಷ!

ಕಂಪ್ಯೂಟರ್ ಬಂದಾಗಲೂ ಅಷ್ಟೇ. ಭೂಮಿ ಯೋಜನೆಯಿಂದ 2002ರ ಹೊತ್ತಿಗೆ ತಾಲೂಕು ಕಚೇರಿಗಳಲ್ಲಿ ಕಂಪ್ಯೂಟರ್ ಪಹಣಿ ಸಿಗುತ್ತಿತ್ತು. ಹಳ್ಳಿ ಮನೆಗಳಿಗೆ ಇ-ಸ್ವತ್ತು ಬಂದದ್ದು 2013ರಲ್ಲಿ. ಆಗಲೇ ನಮೂನೆ 9, ನಮೂನೆ 11 ಅನ್ನುವ ಹೆಸರುಗಳು ಊರ ಕಟ್ಟೆಯ ಮಾತಿಗೆ ಬಂದದ್ದು. ಅವಿಲ್ಲದೆ ಮನೆ, ಸೈಟು ನೋಂದಣಿ ಆಗುವುದಿಲ್ಲ ಅಂದಾಗ, ಎಷ್ಟು ಮನೆಗಳಿಗೆ ಕಾಗದವೇ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತಾಯಿತು.

ಗೆರೆಯ ಹೊರಗಿನವರು

ಗ್ರಾಮಠಾಣದ ಒಳಗಿದ್ದವರಿಗೇ ಇಷ್ಟು ಕಷ್ಟ ಆದರೆ, ಗೆರೆಯ ಹೊರಗೆ ಉಳಿದವರ ಪಾಡು? ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಕುರುಬರಹಟ್ಟಿ, ಎಷ್ಟೋ ಊರಿನ ದಲಿತರ ಕೇರಿಗಳು ಆ ಗೆರೆಯ ಆಚೆ, ಗೋಮಾಳದಲ್ಲೋ ಇನ್ನೊಬ್ಬರ ಸರ್ವೆ ನಂಬರಿನಲ್ಲೋ ಬೆಳೆದವು. ಕಾನೂನಿನ ಕಣ್ಣಲ್ಲಿ ಅಲ್ಲಿ ಊರೇ ಇರಲಿಲ್ಲ. 2017ರ ಕಾನೂನು ಮುಖ್ಯವಾಗಿ ಇಂಥವರಿಗಾಗಿಯೇ ಬಂದದ್ದು. ದಾಖಲೆ ಇಲ್ಲದ ಜನವಸತಿಗಳನ್ನು ಕಂದಾಯ ಗ್ರಾಮ ಮಾಡಿ ಹಕ್ಕುಪತ್ರ ಕೊಡುವ ಕೆಲಸ ಆಮೇಲೆ ನಡೆಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ಹಕ್ಕುಪತ್ರ ಹಂಚಿದ ಕಾರ್ಯಕ್ರಮದ ಫಲಾನುಭವಿಗಳು ಸುಮಾರು 50 ಸಾವಿರ ಕುಟುಂಬ, ಹೆಚ್ಚಿನವರು ತಾಂಡಾದವರು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ 94ಸಿ ಅರ್ಜಿಯ ದಾರಿ ಬೇರೆ ಇದೆ.

ಗ್ರಾಮಠಾಣದ ಒಳಗಿನ ಮನೆಗಳನ್ನು ಒಂದೊಂದಾಗಿ ಅಳೆಯುವ ಕೆಲಸ ಕೊನೆಗೂ ಶುರುವಾಗಿದ್ದು 2020ರಲ್ಲಿ, ಸ್ವಾಮಿತ್ವ ಯೋಜನೆಯಲ್ಲಿ. ಸುಣ್ಣದಲ್ಲಿ ಗಡಿ ಗುರುತು ಹಾಕಿ, ಮೇಲಿಂದ ಡ್ರೋನ್ ಹಾರಿಸಿ ಅಳತೆ. 1863ರಲ್ಲಿ ಬಿಟ್ಟುಹೋದ ಜಾಗಕ್ಕೆ ಸರ್ವೆ ಬರಲು 157 ವರ್ಷ ಬೇಕಾಯಿತು.

ಇದರಿಂದ ನಮಗೇನು?

1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಪ್ರಕಾರ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಇಲ್ಲದೆ ಮನೆ ಕಟ್ಟುವಂತಿಲ್ಲ. ನಿಯಮ ತಪ್ಪಲ್ಲ. ದಾರಿಗೆ ಜಾಗ ಬಿಡಬೇಕು, ಚರಂಡಿ ಉಳಿಯಬೇಕು, ಪಕ್ಕದ ಮನೆಗೆ ಗಾಳಿ ಬೆಳಕು ಬೇಕು. ಆದರೆ ಈ ಅನುಮತಿ ನಿಂತಿರುವುದು ಸರ್ಕಾರ ತಾನೇ ಒಂದೂವರೆ ಶತಮಾನ ಮಾಡದೆ ಬಿಟ್ಟ ದಾಖಲೆಯ ಮೇಲೆ. ಕಾಗದ ಇಲ್ಲದಿದ್ದರೆ ಬ್ಯಾಂಕ್ ಸಾಲ ಇಲ್ಲ, ವಸತಿ ಯೋಜನೆಯ ಮನೆ ಬಂದರೂ ಬಿಲ್ಲಿಗೆ ತೊಡಕು. ದುಡ್ಡಿದ್ದವರು ಹೇಗೋ ಕಟ್ಟಿಕೊಳ್ಳುತ್ತಾರೆ, ಸಾಲವನ್ನೇ ನಂಬಿದವರು ನಿಲ್ಲುತ್ತಾರೆ.

ಹಾಗಾಗಿ ಹಳೇ ಮನೆ ಕೆಡವುವ ಮೊದಲು ಮೂರು ವಿಷಯ ನೋಡಿಕೊಳ್ಳಿ. ನಿಮ್ಮ ಜಾಗ ಗ್ರಾಮಠಾಣದ ಗೆರೆಯ ಒಳಗಿದೆಯೋ ಹೊರಗಿದೆಯೋ ತಿಳಿದುಕೊಳ್ಳಿ. ಖಾತೆ ಇನ್ನೂ ತೀರಿಹೋದ ಅಪ್ಪನ ಅಥವಾ ಅಜ್ಜನ ಹೆಸರಲ್ಲಿದ್ದರೆ ಮೊದಲು ಬದಲಾಯಿಸಿ. ನಮೂನೆ 9 ಮತ್ತು 11 ಇದ್ದರೆ ಅದರಲ್ಲಿರುವ ಉದ್ದ, ಅಗಲ, ಚಕ್ಕುಬಂದಿ ನಿಜವಾದ ಜಾಗಕ್ಕೆ ಹೊಂದುತ್ತದೆಯೇ ಟೇಪು ಹಿಡಿದು ನೋಡಿ. ಗೋಡೆ ನಿಂತಿರುವಾಗ ಗಡಿ ತೋರಿಸುವುದು ಸುಲಭ. ಕೆಡವಿದ ಮೇಲೆ ಅದು ಬಾಯಿಮಾತಿನ ಸಾಕ್ಷಿಗೆ ಬಂದು ನಿಲ್ಲುತ್ತದೆ.

ಡ್ರೋನ್ ಸರ್ವೆಯವರು ನಿಮ್ಮೂರಿಗೆ ಬಂದರೆ ಆ ದಿನ ಕೂಲಿ ಬಿಟ್ಟಾದರೂ ಮನೆಯ ಹತ್ತಿರ ಇರಿ. ಸುಣ್ಣದ ಗೆರೆ ಎಲ್ಲಿ ಬೀಳುತ್ತದೆ ಅಂತ ಕಣ್ಣಾರೆ ನೋಡಿ, ತಪ್ಪಿದ್ದರೆ ಅಲ್ಲೇ ಹೇಳಿ. ಹಿಂದಿನ ಸಲ ಗೆರೆ ಎಳೆದಾಗ ನಮ್ಮ ಹಿರಿಯರನ್ನು ಯಾರೂ ಮನೆಯ ಬಗ್ಗೆ ಕೇಳಿರಲಿಲ್ಲ.