ಜರ್ಮನ್‌ನಲ್ಲಿ ‘ಕುಮಾರಿ’ ಎಲ್ಲಿ ಹೋದಳು?

ಆನ್‌ಸೈಟ್ ಆಸೆ ಇಟ್ಟುಕೊಂಡು ಜರ್ಮನ್ ಕ್ಲಾಸಿಗೆ ಸೇರಿದವರು ಬೇಗನೆ ಕಲಿಯೋ ನಾಲ್ಕು ಪದ ಇವೆ. ಲೇಡಿಶ್ ಅಂದ್ರೆ ಮದುವೆ ಆಗಿಲ್ಲ, ಫೆರ್‌ಹೈರಾಟೆಟ್ ಅಂದ್ರೆ ಆಗಿದೆ, ಗೆಷೀಡನ್ ಅಂದ್ರೆ ವಿಚ್ಛೇದನ ಆಗಿದೆ, ಫೆರ್‌ವಿಟ್ವೆಟ್ ಅಂದ್ರೆ ಸಂಗಾತಿ ತೀರಿಕೊಂಡಿದ್ದಾರೆ. ಗಂಡಸಿಗೂ ಹೆಂಗಸಿಗೂ ಪದ ಒಂದೇ.

ಪುಣೆಯ ನಮ್ಮ ಕ್ಲಾಸಲ್ಲಿ ಒಬ್ಬಳು ಕೇಳಿದಳು: “ಹಾಗಾದ್ರೆ ‘ಮಿಸ್’ಗೆ ಏನಂತಾರೆ ಮೇಡಂ?” “ಈಗ ಏನೂ ಇಲ್ಲ, ಎಲ್ಲರೂ ಫ್ರಾವ್” ಅಂದ್ರು. ಆ ‘ಈಗ’ ಅನ್ನೋ ಮಾತಿನ ಹಿಂದೆ ದೊಡ್ಡ ಕಥೆಯೇ ಇದೆ.

ಮೊದಲು ಫ್ರಾಯ್ಲೈನ್ ಅನ್ನೋ ಪದ ಇತ್ತು. ಅಕ್ಷರಶಃ ‘ಪುಟ್ಟ ಹೆಂಗಸು’; ವ್ಯಾಕರಣದಲ್ಲಿ ನಪುಂಸಕಲಿಂಗ. ಒಂದು ಕಾಲಕ್ಕೆ ಅದು ದೊಡ್ಡ ಮನೆತನದ ಹುಡುಗಿಯರಿಗೆ ಸಲ್ಲುತ್ತಿದ್ದ ಗೌರವ. ಗಯಟೆಯ ‘ಫೌಸ್ಟ್’ ನಾಟಕದಲ್ಲಿ (1808) ನಾಯಕ ಹಾಗೆ ಕರೆದಾಗ, ಸಾಮಾನ್ಯರ ಮನೆಯ ಗ್ರೆಟ್ಷೆನ್ ತಾನು ಅಂಥವಳಲ್ಲ ಅಂತ ಹೇಳಿ ಹೊರಟೇಬಿಡ್ತಾಳೆ. ಮುಂದೆ ಅದೇ ಪದ ಮದುವೆಯಾಗದ ಎಲ್ಲ ಹೆಣ್ಣುಮಕ್ಕಳಿಗೂ ಅಂಟಿಕೊಂಡಿತು. ಐವತ್ತು ದಾಟಿದ ಟೀಚರ್ ಕೂಡ ಫ್ರಾಯ್ಲೈನ್. ಗಂಡಸು ಮಾತ್ರ, ಮದುವೆ ಆಗಲಿ ಬಿಡಲಿ, ಹೆರ್.

ಟೀಚರ್ ಉದಾಹರಣೆ ಸುಮ್ಮನೆ ಕೊಟ್ಟಿದ್ದಲ್ಲ. 19ನೇ ಶತಮಾನದ ಕೊನೆಯ ಹೊತ್ತಿಗೆ ಶಿಕ್ಷಕಿ ಮದುವೆಯಾದರೆ ಕೆಲಸ ಬಿಡಬೇಕು ಅನ್ನೋ ನಿಯಮ ಬಂದಿತ್ತು. ಫ್ರಾಯ್ಲೈನ್ ಆಗಿದ್ದರೆ ಸಂಬಳ, ಫ್ರಾವ್ ಆದರೆ ಮನೆ! 1919ರ ವೈಮಾರ್ ಸಂವಿಧಾನ ಇದನ್ನ ತೆಗೆದುಹಾಕಿತು. 1923ರಲ್ಲಿ ಸರ್ಕಾರದ ಖರ್ಚು ಕಡಿಮೆ ಮಾಡಬೇಕು ಅಂತ ವಿವಾಹಿತೆಯರನ್ನ ಮತ್ತೆ ಹೊರಗೆ ಕಳಿಸೋಕೆ ಶುರುವಾಯ್ತು. ಪಶ್ಚಿಮ ಜರ್ಮನಿಯಲ್ಲಿ ಈ ಪದ್ಧತಿ ಪೂರ್ತಿ ಹೋಗಿದ್ದು 1950ರ ದಶಕದಲ್ಲಿ.

ಮಹಿಳಾ ಚಳವಳಿಯವರು ದಶಕಗಳಿಂದ ಕೇಳುತ್ತಿದ್ದದ್ದು ಒಂದೇ: ನನ್ನ ಮದುವೆಯ ವಿಷಯ ನನ್ನ ಹೆಸರಿನ ಮುಂದೆ ಯಾಕೆ ಇರಬೇಕು? ಕೊನೆಗೆ 1972ರಲ್ಲಿ, ಗೆನ್ಷರ್ ಗೃಹಮಂತ್ರಿ ಆಗಿದ್ದಾಗ, ಪಶ್ಚಿಮ ಜರ್ಮನಿಯ ಗೃಹ ಸಚಿವಾಲಯ ಕಚೇರಿ ಭಾಷೆಯಿಂದ ಫ್ರಾಯ್ಲೈನ್ ಪದವನ್ನ ಕೈಬಿಟ್ಟಿತು. ಹೋಟೆಲಲ್ಲಿ ವೇಟ್ರೆಸ್‌ನ ಕೂಗೋಕೆ ಮಾತ್ರ ಇನ್ನೂ ಸ್ವಲ್ಪ ಕಾಲ ಉಳಿದುಕೊಂಡಿತ್ತು.

ಪದ ಹೋದ ತಕ್ಷಣ ಎಲ್ಲ ಸರಿಹೋಯ್ತಾ? ಇಲ್ಲ. ಮನೆಯ ಕರ್ತವ್ಯಕ್ಕೆ ತೊಂದರೆ ಆಗದಿದ್ದರೆ ಮಾತ್ರ ಹೆಂಡತಿ ಕೆಲಸಕ್ಕೆ ಹೋಗಬಹುದು ಅನ್ನೋ ಕಾನೂನು ಬದಲಾಗೋಕೆ 1977 ಬರಬೇಕಾಯ್ತು.

ನಮ್ಮ ಫಾರ್ಮ್‌ಗಳಲ್ಲಿ ಈಗಲೂ ಹೆಂಗಸಿಗೆ ಕುಮಾರಿ, ಶ್ರೀಮತಿ ಎರಡಿವೆ. ಗಂಡಸಿಗೆ ಶ್ರೀ ಒಂದೇ. ಆ ಡ್ರಾಪ್‌ಡೌನ್‌ಗೆ ಕೋಡ್ ಬರೆಯೋರು ನಾವೇ ತಾನೆ? ನಾನೂ ಯೋಚಿಸದೆ ಬರೆದಿದ್ದೀನಿ. ಮುಂದಿನ ಸಲ ರಿಕ್ವೈರ್‌ಮೆಂಟ್ ಬಂದಾಗ, ಇದು ಯಾಕೆ ಬೇಕು ಅಂತ ಒಂದು ಮಾತು ಕೇಳೋಣ. ಮತ್ತೆ ಸಿಗೋಣ.