ಚೆನ್ನಮ್ಮನ 'ಚೆನ್ನ', ಗ್ರೀಕರ 'ಕಲೋಸ್'

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿಂದ ಕೇಳ್ತಿದ್ರೂ ಎಲ್ರೂ ಚೆನ್ನಾಗಿದ್ದೀರಿ ಅಂದ್ಕೋತೀನಿ. ಇವತ್ತಿನ ಕಥೆ ಆ ಪದದ್ದೇ: ಚೆನ್ನ.

ಹೋದ ತಿಂಗಳು ನ್ಯಾಮತಿಯಲ್ಲಿ ನಮ್ಮ ಚಿಕ್ಕಪ್ಪನ ಮಗಳನ್ನ ನೋಡೋಕೆ ಗಂಡಿನ ಕಡೆಯೋರು ಬಂದಿದ್ರು. ಉಪ್ಪಿಟ್ಟು, ಕೇಸರಿಬಾತು ತಿಂದು ಹೋದ್ರು. ಸಂಜೆ ಫೋನಲ್ಲಿ ಒಂದೇ ಮಾತು: "ಹುಡುಗಿ ಅಷ್ಟು ಚೆನ್ನಾಗಿಲ್ಲ." ತಂಗಿ ನನ್ನ ಕೇಳಿದ್ಲು, "ಅಣ್ಣ, ಚೆನ್ನ ಅಂದ್ರೆ ಬರೀ ಮುಖಾನಾ?" ಬಿಕಾಂ ಮಾಡಿದ ನನ್ನ ಹತ್ರ ಉತ್ತರ ಇರ್ಲಿಲ್ಲ. ಹುಡುಕೋಕೆ ಕೂತೆ.

ಹಳೇ ಗ್ರೀಕ್ ಭಾಷೆಯಲ್ಲಿ ಇದಕ್ಕೊಂದು ಜೋಡಿ ಸಿಕ್ತು: ಕಲೋಸ್. ಅದೂ ಗುಣವಾಚಕ. ಪುಲ್ಲಿಂಗದ ಪದಕ್ಕೆ ಕಲೋಸ್, ಸ್ತ್ರೀಲಿಂಗಕ್ಕೆ ಕಲೇ, ನಪುಂಸಕಲಿಂಗಕ್ಕೆ ಕಲೋನ್. 'ಇನ್ನೂ ಚೆನ್ನ' ಅನ್ನೋಕೆ ಕಲ್ಲಿಯೋನ್, 'ಎಲ್ಲಕ್ಕಿಂತ ಚೆನ್ನ' ಅನ್ನೋಕೆ ಕಲ್ಲಿಸ್ತೋಸ್. ಸುಮಾರು 2500 ವರ್ಷದ ಹಿಂದೆ ಅಥೆನ್ಸ್‌ನವರು ಮಣ್ಣಿನ ಪಾತ್ರೆಗಳ ಮೇಲೆ ಚೆಂದದ ಹುಡುಗರ ಹೆಸರು ಬರೆದು, ಪಕ್ಕದಲ್ಲಿ 'ಕಲೋಸ್' ಅಂತ ಸೇರಿಸ್ತಿದ್ರು. ಅಲ್ಲಿ ಅದು ರೂಪದ ಮಾತು. ಆದ್ರೆ ಗ್ರೀಕರು ಮರ್ಯಾದೆಯ ನಡತೆಗೂ, ಧೈರ್ಯದ ಕೆಲಸಕ್ಕೂ ಇದೇ ಪದ ಬಳಸಿದ್ರು. ಇವತ್ತಿನ ಗ್ರೀಕ್‌ನಲ್ಲಿ 'ಒಳ್ಳೆಯ' ಅನ್ನೋ ಅರ್ಥವೇ ಮುಂದೆ ನಿಂತಿದೆ. ಬೆಳಗ್ಗೆ ಅವರು ಹೇಳೋ 'ಕಲಿಮೇರಾ' ಅಂದ್ರೆ ಒಳ್ಳೆಯ ದಿನ.

ಈಗ ನಮ್ಮ ಕಡೆಗೆ ಬರೋಣ. ನಮ್ಮ ಗುಣವಾಚಕ ಲಿಂಗ ನೋಡಿ ವೇಷ ಬದಲಿಸಲ್ಲ. ಬೇಲೂರಿನ ಚೆನ್ನಕೇಶವ, ಕೆಳದಿಯ ಚೆನ್ನಮ್ಮ, ನಮ್ಮ ಚನ್ನಗಿರಿ. ದೇವರಿಗೂ, ಹೆಂಗಸಿಗೂ, ಬೆಟ್ಟಕ್ಕೂ ಒಂದೇ 'ಚೆನ್ನ'. ಊರಿನ ಹೆಸರಲ್ಲಿ 'ಚೆ' ಹೋಗಿ 'ಚ' ಆಗಿದೆ, ಅಷ್ಟೇ. ಅರ್ಥ ಮಾತ್ರ ಕಲೋಸ್ ಥರಾನೇ, ರೂಪಕ್ಕೂ ಗುಣಕ್ಕೂ ಸೇರಿದ್ದು. "ಚೆನ್ನಾಗಿ ಓದು" ಅಂದಾಗ ಯಾರಾದ್ರೂ ಮುಖ ನೋಡ್ತಾರಾ?

ಚನ್ನಗಿರಿಗೆ ಹೆಸರು ಬಂದಿದ್ದು ಕೆಳದಿ ಚೆನ್ನಮ್ಮನಿಂದ. ಕಿತ್ತೂರಿನ ಚೆನ್ನಮ್ಮ ಬೇರೆ, ಅವರು ಬಂದಿದ್ದು ಒಂದೂವರೆ ಶತಮಾನದ ನಂತರ. ಗಂಡ ಸೋಮಶೇಖರ ನಾಯಕರು ತೀರಿಹೋದ ಮೇಲೆ ಕೆಳದಿ ಚೆನ್ನಮ್ಮ 1671ರ ಸುಮಾರಿಗೆ ಆಡಳಿತ ವಹಿಸಿಕೊಂಡು, ಹೆಚ್ಚುಕಮ್ಮಿ 25 ವರ್ಷ ಆಳಿದರು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದಾಗ ಆಶ್ರಯ ಕೊಟ್ಟರು. ಬೆನ್ನಟ್ಟಿ ಬಂದ ಮೊಘಲ್ ಸೈನ್ಯವನ್ನ ಎದುರಿಸಿದರು. ಇವತ್ತಿಗೂ ನಾವು ಹೇಳೋದು ಈ ಕಥೆ. ಅವರ ಮೂಗು, ಮೈಬಣ್ಣ ಹೇಗಿತ್ತು ಅಂತ ಯಾರೂ ಕೇಳಲ್ಲ.

ಈ ರೆಕಾರ್ಡಿಂಗ್ ಮೊದಲು ಕಳಿಸಿದ್ದು ತಂಗಿಗೆ. ಪೂರ್ತಿ ಕೇಳಿ ಒಂದು ವಾಯ್ಸ್ ಮೆಸೇಜ್ ಹಾಕಿದ್ಲು:

"ಅಣ್ಣ, ಅವರಿಗೆ ಫೋನ್ ಮಾಡಿ ಹೇಳು. ಹುಡುಗನೇ ಅಷ್ಟು ಚೆನ್ನಾಗಿಲ್ಲ ಅಂತ."