ಆರು ವೋಲ್ಟಿನ ಯುದ್ಧ

ಎರಡನೆಯ ಮಹಾಯುದ್ಧದ ಕಾಲದ ಸೇನಾ ಲಾರಿಯನ್ನು ಮತ್ತೆ ರಸ್ತೆಗಿಳಿಸಲು ಹೊರಟವರು ಇಂಜಿನ್ನಿಗೆ ಕೊಡುವ ಮರ್ಯಾದೆಯನ್ನು ವೈರಿಂಗ್‌ಗೆ ಕೊಡುವುದಿಲ್ಲ. ಇಂಜಿನ್ ಬಿಚ್ಚಿದರೆ ಒಂದೊಂದು ಬೋಲ್ಟಿಗೂ ಲೆಕ್ಕ ಇಡುತ್ತಾರೆ. ಹಸಿರು ಬಣ್ಣದ ಯಾವ ಛಾಯೆ ಸರಿ ಎಂದು ವಾರಗಟ್ಟಲೆ ವಾದ ಮಾಡುತ್ತಾರೆ. ಡ್ಯಾಶ್‌ಬೋರ್ಡಿನ ಹಿಂದಿರುವ ವೈರಿನ ಕಟ್ಟನ್ನು ಮಾತ್ರ ಪ್ಲೈಯರ್ ಹಾಕಿ ಕತ್ತರಿಸಿ ಗುಜರಿಗೆ ಎಸೆದು, ಅಂಗಡಿಯಲ್ಲಿ ಸಿಗುವ 12 ವೋಲ್ಟಿನ ಸೆಟ್ ಎಳೆದು ಕೈ ತೊಳೆದುಕೊಳ್ಳುತ್ತಾರೆ. ನನ್ನ ವಾದ ಇದಕ್ಕೆ ತಿರುಗುಮುರುಗು. ಆ ಲಾರಿಯನ್ನು ಸೇನಾ ಲಾರಿಯನ್ನಾಗಿ ಮಾಡಿದ್ದರಲ್ಲಿ ಇಂಜಿನ್ನಿಗಿಂತ ವೈರಿಂಗಿನ ಪಾಲು ದೊಡ್ಡದು. ಸೇನೆ ಯಾವುದಕ್ಕೆ ಹೆದರುತ್ತಿತ್ತು, ಯಾವುದರ ಕೊರತೆ ಅನುಭವಿಸುತ್ತಿತ್ತು ಎಂಬುದು ಬೇರೆಲ್ಲಕ್ಕಿಂತ ಸ್ಪಷ್ಟವಾಗಿ ಉಳಿದಿರುವುದು ಅಲ್ಲಿಯೇ.

ಅಮೆರಿಕದ ಎರಡೂವರೆ ಟನ್ನಿನ ಜಿಎಂಸಿ ಸಿಸಿಕೆಡಬ್ಲ್ಯು ಲಾರಿಯನ್ನೇ ತೆಗೆದುಕೊಳ್ಳೋಣ. 1941ರಿಂದ 1945ರವರೆಗೆ 5 ಲಕ್ಷಕ್ಕೂ ಹೆಚ್ಚು ಲಾರಿಗಳು ತಯಾರಾದವು. ನಾರ್ಮಂಡಿಯಿಂದ ಮುನ್ನುಗ್ಗಿದ ಸೇನೆಗೆ ಪೆಟ್ರೋಲು, ಮದ್ದುಗುಂಡು ಒದಗಿಸಿದ ರೆಡ್ ಬಾಲ್ ಎಕ್ಸ್‌ಪ್ರೆಸ್‌ನ ಬೆನ್ನೆಲುಬು ಇದೇ. 1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗೆ ಹಗಲಿರುಳೂ ಓಡಿದ ಆ ಸಾಗಣೆಯ ಚಾಲಕರಲ್ಲಿ ಸುಮಾರು ಮುಕ್ಕಾಲು ಪಾಲು ಕಪ್ಪು ಜನಾಂಗದವರು. ನಮ್ಮ ಅಸ್ಸಾಮಿನ ಲೇಡೋದಿಂದ ಚೀನಾದ ಕುನ್ಮಿಂಗ್‌ಗೆ ಹೋಗುವ ದಾರಿಯಲ್ಲೂ ಇವು ಓಡಿದವು. ಅಲ್ಲಿ 1945ರ ಜನವರಿ 12ರಂದು ಹೊರಟ ಮೊದಲ ಸಾಲು ಫೆಬ್ರವರಿ 4ರಂದು ಗುರಿ ಮುಟ್ಟಿತು. ಯಂತ್ರದ ದೃಷ್ಟಿಯಿಂದ ಇದೇನೂ ಅದ್ಭುತವಲ್ಲ. ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್, ಅಂದಿನ ಅಮೆರಿಕದ ಯಾವ ವ್ಯಾಪಾರಿ ಲಾರಿಯಲ್ಲೂ ಇರಬಹುದಾದಂಥದ್ದು. ಬ್ಯಾಟರಿಯೂ ಆ ಕಾಲದ ಕಾರುಗಳ ಹಾಗೆ 6 ವೋಲ್ಟಿನದು. ವ್ಯಾಪಾರಿ ಲಾರಿಗೂ ಸೇನಾ ಲಾರಿಗೂ ವ್ಯತ್ಯಾಸ ಕಾಣುವುದು ದೀಪದ ಸ್ವಿಚ್ಚಿನ ಹತ್ತಿರ ಬಂದಾಗ.

ಆ ಕಾಲದ ಅಮೆರಿಕನ್ ಸೇನಾ ವಾಹನಗಳ ಎಳೆಯುವ ಸ್ವಿಚ್ಚಿನ ಗುಬ್ಬಿಯನ್ನು ಒಂದು ಹಂತ ಎಳೆದರೆ ಕತ್ತಲೆ ಸಂಚಾರದ ಪುಟ್ಟ ದೀಪಗಳಷ್ಟೇ ಹೊತ್ತುತ್ತವೆ. ಇನ್ನೂ ಎಳೆಯಲು ಹೋದರೆ ಗುಬ್ಬಿ ಬರುವುದಿಲ್ಲ. ಪಕ್ಕದ ಸಣ್ಣ ಗುಂಡಿಯನ್ನು ಒತ್ತಿ ಹಿಡಿದರೆ ಮಾತ್ರ ಬೀಗ ಬಿಟ್ಟು ಹೆಡ್‌ಲೈಟ್ ಉರಿಯುತ್ತದೆ. ನಿದ್ದೆಗಣ್ಣಿನ ಚಾಲಕ ಕೈತಪ್ಪಿ ಹೆಡ್‌ಲೈಟ್ ಹಾಕಿದರೆ ಇಡೀ ಸಾಲೇ ವಿಮಾನದ ಕಣ್ಣಿಗೆ ಬೀಳುತ್ತದೆಂಬ ಹೆದರಿಕೆ ಆ ಗುಂಡಿಯಲ್ಲಿದೆ. ಹಿಂದಿನ ದೀಪದ ಜಾಣ್ಮೆ ಇದಕ್ಕಿಂತ ಹೆಚ್ಚಿನದು. ಕತ್ತಲೆ ದೀಪಗಳ ಸಣ್ಣ ಕೆಂಪು ಕಿಂಡಿಗಳನ್ನು ಹೇಗೆ ಅಳೆದು ಕೂರಿಸಿದ್ದಾರೆಂದರೆ, ಹಿಂದಿನ ಲಾರಿಯವನು 60 ಅಡಿಗಿಂತ ಹತ್ತಿರ ಬಂದರೆ ಅವನಿಗೆ ನಾಲ್ಕು ಚುಕ್ಕಿ ಕಾಣುತ್ತದೆ; 60ರಿಂದ 180 ಅಡಿಯೊಳಗಿದ್ದರೆ ಎರಡು; ಅದಕ್ಕಿಂತ ಹಿಂದೆ ಬಿದ್ದರೆ ಎಲ್ಲ ಸೇರಿ ಒಂದೇ. ಎರಡು ಚುಕ್ಕಿ ಕಾಣುವಂತೆ ಓಡಿಸು ಎಂಬಷ್ಟೇ ಪಾಠ ಸಾಕು, ಅಂತರ ತಾನಾಗಿ ಉಳಿಯುತ್ತದೆ. ವೇಗ ಮುಖ್ಯವಾದಾಗ ರೆಡ್ ಬಾಲ್ ಚಾಲಕರು ಪೂರ್ಣ ಹೆಡ್‌ಲೈಟಿನಲ್ಲೇ ಓಡಿಸಿದ್ದೂ ಉಂಟು, ಅದು ಬೇರೆ ಮಾತು. ಈಗ ಹೊಸ ವೈರಿಂಗ್ ಹಾಕುವವರು ಮೊದಲು ಬಿಡುವುದು ಈ ಕತ್ತಲೆ ದೀಪಗಳ ಎಳೆಗಳನ್ನೇ, ಉಪಯೋಗವಿಲ್ಲವೆಂದು. ದೀಪದ ಡಬ್ಬಿ ಮಡ್‌ಗಾರ್ಡಿನ ಮೇಲೆ ಅಲಂಕಾರಕ್ಕೆ ಉಳಿಯುತ್ತದೆ, ಅದರೊಳಗೆ ಕರೆಂಟ್ ಹರಿಯುವುದಿಲ್ಲ.

ಎರಡನೆಯ ಸಾಕ್ಷ್ಯ ರೇಡಿಯೋದ್ದು. ಸ್ಪಾರ್ಕ್ ಪ್ಲಗ್ ಹೊತ್ತಿದಾಗಲೆಲ್ಲ, ಡೈನಮೋದ ಬ್ರಷ್ ಕಿಡಿ ಕಾರಿದಾಗಲೆಲ್ಲ ಹತ್ತಿರದ ರೇಡಿಯೋದಲ್ಲಿ ಗರಗರ ಸದ್ದು. ಅದನ್ನು ಅಡಗಿಸಲು ಕಂಡೆನ್ಸರ್, ಫಿಲ್ಟರ್ ಡಬ್ಬಿ, ಬಾನೆಟ್ಟಿಗೂ ಚಾಸಿಗೂ ನಡುವೆ ಹೆಣೆದ ತಾಮ್ರದ ಪಟ್ಟಿ ಇವನ್ನೆಲ್ಲ ಜೋಡಿಸಿದರು. ಹಾಗೆ ಜೋಡಿಸಿದ ವಾಹನದ ನೋಂದಣಿ ಸಂಖ್ಯೆಯ ಕೊನೆಗೆ ‘ಎಸ್’ ಅಕ್ಷರ ಬರೆದರು. ಇಂದು ಹೊಸ ಬಣ್ಣದ ಮೇಲೆ ಆ ‘ಎಸ್’ ಅಕ್ಷರವನ್ನು ಅಂದವಾಗಿ ಬರೆಸಿ, ಒಳಗೆ ಒಂದೂ ಫಿಲ್ಟರ್ ಇಲ್ಲದ ಲಾರಿಗಳು ಪ್ರದರ್ಶನಕ್ಕೆ ಬರುತ್ತವೆ. ಲಾರಿ ತನ್ನ ಬಗ್ಗೆ ತಾನೇ ಸುಳ್ಳು ಹೇಳಿದ ಹಾಗಾಯಿತು. ರೇಡಿಯೋ ಇನ್ನೊಂದು ತಲೆನೋವನ್ನೂ ತಂದಿತ್ತು. ಮಾಮೂಲಿ ಜೀಪು, ಲಾರಿಗೆ 6 ವೋಲ್ಟ್. ರೇಡಿಯೋ ಹೊತ್ತ ಜೀಪಿಗೆ ಪ್ರತ್ಯೇಕವಾಗಿ 12 ವೋಲ್ಟಿನ ಡೈನಮೋ. ಶೆರ್ಮನ್ ಟ್ಯಾಂಕಿಗೆ 24 ವೋಲ್ಟ್. ಒಂದೇ ಸೇನೆಯಲ್ಲಿ ಮೂರು ಬಗೆಯ ಬಲ್ಬು, ಮೂರು ಬಗೆಯ ಬ್ಯಾಟರಿ. ಯುದ್ಧ ಮುಗಿದ ಮೇಲೆ ಬಂದ ಎಂ-ಸರಣಿಯ ವಾಹನಗಳಲ್ಲಿ ಅಮೆರಿಕ ಎಲ್ಲವನ್ನೂ 24 ವೋಲ್ಟಿಗೆ ತಂದಿತು. 35 ವಾಟಿನ ಬಲ್ಬು 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆದರೆ 24 ವೋಲ್ಟಿನಲ್ಲಿ ಒಂದೂವರೆ ಆಂಪಿಯರ್ ಸಾಕು. ಅದೇ ದಪ್ಪದ ವೈರಿನಲ್ಲಿ ಶಾಖವಾಗಿ ಪೋಲಾಗುವುದು 1/16 ಪಾಲು ಮಾತ್ರ. ಜೊತೆಗೆ ನೀರು ಹೋಗದ ಕನೆಕ್ಟರುಗಳು ಬಂದವು, ಒಂದೊಂದು ವೈರಿಗೂ ಸಂಖ್ಯೆ ಒತ್ತಿದ ಲೋಹದ ಪಟ್ಟಿ ಬಂತು. 17 ಎಂದರೆ ಹೆಡ್‌ಲೈಟಿನ ಹೈ ಬೀಮ್, 18 ಎಂದರೆ ಲೋ ಬೀಮ್. ಬಣ್ಣ ಮಾಸಿದರೂ ಕೆಸರು ಮೆತ್ತಿದರೂ ಬೆರಳಾಡಿಸಿ ಓದಬಹುದು. ಹಿಂದಿನ ಯುದ್ಧದಲ್ಲಿ ಯಾವುದು ಕೈಕೊಟ್ಟಿತೆಂಬ ಸೇನೆಯ ತೀರ್ಮಾನವೇ ಆ ಹೊಸ ವೈರಿಂಗ್. ಆದ್ದರಿಂದ ಸಿಸಿಕೆಡಬ್ಲ್ಯು ಲಾರಿಯ 6 ವೋಲ್ಟನ್ನು ಕಿತ್ತು 12 ಹಾಕಿದರೆ, ಸಮಸ್ಯೆಯೇ ಇರಲಿಲ್ಲ ಎಂಬಂತೆ ಇತಿಹಾಸವನ್ನು ತಿದ್ದಿದಂತಾಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಬೆಂಕಿಯದು. ಆ ಕಾಲದ ವೈರು ಎಂದರೆ ತಾಮ್ರದ ಮೇಲೆ ರಬ್ಬರು, ಅದರ ಮೇಲೆ ಹತ್ತಿ ನೂಲಿನ ಹೆಣಿಗೆ, ಮೇಲೊಂದು ಲೇಪ. 1942ರ ಆರಂಭದಲ್ಲಿ ಮಲಯ, ಜಾವಾ ಜಪಾನಿನ ಕೈಸೇರಿದಾಗ ಅಮೆರಿಕಕ್ಕೆ ಬರುತ್ತಿದ್ದ ನೈಸರ್ಗಿಕ ರಬ್ಬರಿನಲ್ಲಿ ಸುಮಾರು 90% ನಿಂತುಹೋಯಿತು. ರಬ್ಬರು ಉಳಿಸುವುದೇ ಒಂದು ಯುದ್ಧವಾಯಿತು. ಎಂಬತ್ತು ವರ್ಷ ಬಿಸಿಲು, ಎಣ್ಣೆ, ಇಲಿ ಕಂಡ ಆ ರಬ್ಬರು ಇಂದು ಮುಟ್ಟಿದರೆ ಪುಡಿ. ಅದರಲ್ಲಿ ಕರೆಂಟ್ ಹರಿಸಿ, ಕಾಲ ಬುಡದಲ್ಲಿ ಪೆಟ್ರೋಲ್ ಪೈಪು ಇಟ್ಟುಕೊಂಡು ಕೂರುವುದು ಹುಚ್ಚುತನ, ಒಪ್ಪಿದೆ. ಆದರೆ ನನ್ನ ವಾದ ಹಳೆಯ ತಾಮ್ರದ ಪರವಾಗಿ ಅಲ್ಲ, ಹಳೆಯ ಜೋಡಣೆಯ ಪರವಾಗಿ. ಒಳಗೆ ಇಂದಿನ ಪ್ಲಾಸ್ಟಿಕ್ ಹೊದಿಕೆ, ಹೊರಗೆ ಅಂದಿನಂಥದ್ದೇ ನೂಲಿನ ಹೆಣಿಗೆ ಇರುವ ವೈರು ವಿದೇಶಗಳಲ್ಲಿ ಹಳೆ ವಾಹನಗಳಿಗೆಂದೇ ತಯಾರಾಗುತ್ತದೆ. ಬ್ಯಾಟರಿಯ ಪಕ್ಕ ಕಾಣದಂತೆ ಒಂದು ಫ್ಯೂಸ್, ಒಂದು ಕಟ್ ಆಫ್ ಸ್ವಿಚ್ ಸೇರಿಸಿದರೆ ಯಾರ ಇತಿಹಾಸವೂ ಕೆಡುವುದಿಲ್ಲ.

ಎರಡನೆಯ ಆಕ್ಷೇಪ, 6 ವೋಲ್ಟಿನಲ್ಲಿ ಗಾಡಿ ಸ್ಟಾರ್ಟ್ ಆಗುವುದಿಲ್ಲ, ದೀಪ ಮಿಣುಕುತ್ತದೆ ಎನ್ನುವುದು. ಹಾಗಿದ್ದರೆ ಮಳೆಗಾಲದ ಬರ್ಮಾ ಗಡಿಯಲ್ಲಿ, ಫ್ರಾನ್ಸಿನ ಚಳಿಯಲ್ಲಿ ಲಕ್ಷಾಂತರ ಲಾರಿಗಳು ಸ್ಟಾರ್ಟ್ ಆದದ್ದು ಹೇಗೆ? ದೋಷ ಬಹುತೇಕ ವೋಲ್ಟಿನದಲ್ಲ, ದುರಸ್ತಿಯದು. ಅಂಗಡಿಯಲ್ಲಿ ಸಿಗುವ ಬ್ಯಾಟರಿ ಕೇಬಲ್ 12 ವೋಲ್ಟಿನ ಲೆಕ್ಕದ್ದು. 6 ವೋಲ್ಟಿನ ಸೆಲ್ಫ್ ಮೋಟಾರು ಅದೇ ಕೆಲಸಕ್ಕೆ ಎರಡರಷ್ಟು ಕರೆಂಟ್ ಎಳೆಯುತ್ತದೆ. ತೆಳ್ಳನೆಯ ಕೇಬಲ್ಲಿನಲ್ಲೇ ಸಾಕಷ್ಟು ಶಕ್ತಿ ಸೋರಿಹೋಗುತ್ತದೆ. ಅರ್ತ್ ಕಚ್ಚುವ ಜಾಗದಲ್ಲಿ ಮೂರು ಪದರ ಹೊಸ ಬಣ್ಣ ಬಳಿದಿದ್ದರೆ ಇನ್ನಷ್ಟು ಹೋಯಿತು. ದಪ್ಪ ಕೇಬಲ್ ಹಾಕಿ, ಚಾಸಿಯನ್ನು ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿದರೆ ಮುದಿ ಇಂಜಿನ್ ತಟ್ಟನೆ ತಿರುಗುತ್ತದೆ. ಅದು ಬಿಟ್ಟು 12 ವೋಲ್ಟ್ ತುಂಬಿದರೆ ಮೀಟರು ಸುಡುತ್ತದೆ, ಅದಕ್ಕೊಂದು ರಿಡ್ಯೂಸರ್, ಬಲ್ಬಿಗೆ ಬೇರೆ ಬಲ್ಬು. ಒಂದನ್ನು ಬದಲಿಸಲು ಹೋಗಿ ಹತ್ತನ್ನು ಬದಲಿಸಬೇಕಾಗುತ್ತದೆ.

ಮೂರನೆಯ ಆಕ್ಷೇಪಕ್ಕೆ ಬಲವಿದೆ. ಯುದ್ಧಭೂಮಿಯ ಮೆಕ್ಯಾನಿಕ್ ಏನು ಕೈಗೆ ಸಿಕ್ಕಿತೋ ಅದನ್ನೇ ಕಟ್ಟಿ ಕಳಿಸಿದ. ಯುದ್ಧಾನಂತರ ಭಾರತದಲ್ಲಿ ಉಳಿದ ಸೇನಾ ವಾಹನಗಳು ಮಿಲಿಟರಿ ಡಿಸ್ಪೋಸಲ್ ಹರಾಜಿನಲ್ಲಿ ಖಾಸಗಿಯವರ ಪಾಲಾಗಿ, ಸರಕು ಲಾರಿಯಾಗಿ, ಬಸ್ಸಾಗಿ, ಹತ್ತು ಎಲೆಕ್ಟ್ರಿಷಿಯನ್ನರ ಕೈ ದಾಟಿದವು. ಹೀಗಿರುವಾಗ ‘ಅಸಲಿ ವೈರಿಂಗ್’ ಎಂಬುದೇ ಎಲ್ಲಿದೆ, ನಮ್ಮ 12 ವೋಲ್ಟು ಹನ್ನೊಂದನೆಯ ಕೈ ಅಷ್ಟೇ ಅಲ್ಲವೇ ಎಂದು ಕೇಳಬಹುದು. ನಿಜ, ಕಾರ್ಖಾನೆಯಿಂದ ಬಂದ ಸ್ಥಿತಿ ಒಂದೇ ಸತ್ಯವಲ್ಲ. ಆದರೆ ಆ ಹತ್ತು ಕೈಗಳು ದುಡಿಯುವ ಗಾಡಿಯನ್ನು ದುಡಿಯಲು ಕಳಿಸಿದವು. ನಾವು ಮಾಡುತ್ತಿರುವುದು ಇದು 1944ರ ಸೇನಾ ಲಾರಿ ಎಂದು ಬೋರ್ಡು ಹಾಕಿ ನಿಲ್ಲಿಸುವ ಕೆಲಸ. ಬೋರ್ಡು ಹಾಕಿದ ಮೇಲೆ ಹೊಣೆಯೂ ಬರುತ್ತದೆ. ನಡುವೆ ಸೇರಿಸಿದ ಹಾರ್ನಿನ ವೈರು, ಬಸ್ಸಿನ ಒಳದೀಪಕ್ಕೆ ಎಳೆದ ಕವಲು, ಇನ್ಸುಲೇಷನ್ ಟೇಪಿನ ಗಂಟು ಇವೂ ದಾಖಲೆಗಳೇ. ಅಸಲಿ ಅಲ್ಲವೆಂಬ ನೆಪದಲ್ಲಿ ಎಲ್ಲವನ್ನೂ ಒಟ್ಟಿಗೆ ಕಿತ್ತೆಸೆಯುವವನು ಎರಡು ಇತಿಹಾಸಗಳನ್ನು ಒಂದೇ ಏಟಿಗೆ ಅಳಿಸುತ್ತಾನೆ.

ಹಾಗಾಗಿ ಮನೆಯ ಶೆಡ್ಡಿನಲ್ಲೋ ಸಂಗ್ರಹಾಲಯದಲ್ಲೋ ಇಂಥ ಲಾರಿ ಇಟ್ಟುಕೊಂಡವರು ಪ್ಲೈಯರ್ ಎತ್ತುವ ಮೊದಲು ಇಷ್ಟಾದರೂ ಮಾಡಲಿ. ಒಂದೊಂದು ಟರ್ಮಿನಲ್ಲಿಗೂ ಚೀಟಿ ಕಟ್ಟಿ, ಫೋಟೋ ತೆಗೆದು, ಯಾವ ವೈರು ಎಲ್ಲಿಂದ ಎಲ್ಲಿಗೆ ಎಂದು ನಕ್ಷೆ ಬರೆದುಕೊಳ್ಳಲಿ. ಹೊಸದನ್ನು ಹಳೆಯ ದಾರಿಯಲ್ಲೇ, ಹಳೆಯ ಕ್ಲಿಪ್ಪುಗಳಲ್ಲೇ ಎಳೆಸಲಿ. ಕತ್ತಲೆ ದೀಪಕ್ಕೆ ಕರೆಂಟ್ ಕೊಡಲಿ. ಕಿತ್ತ ಹಳೆಯ ಕಟ್ಟನ್ನು ತಾಮ್ರದ ಬೆಲೆಗೆ ತೂಗಿ ಮಾರದೆ, ಗೋಣಿಚೀಲದಲ್ಲಿ ಕಟ್ಟಿ ಆ ನಕ್ಷೆಯ ಜೊತೆ ಲಾರಿಯಲ್ಲೇ ಇಡಲಿ.